ಒಂದೇ ಮಂಚದ ಅಳತೆ

ಬ್ಯಾಡಗಿಯಲ್ಲಿ ಹುಟ್ಟಿದವರಿಗೆ ಮೆಣಸಿನಕಾಯಿ ಘಾಟು ತಾಯಿಯ ಹಾಲಿನ ಜೊತೆಗೇ ಒಗ್ಗಿಹೋಗಿರುತ್ತದೆ ಎಂದು ಊರವರು ಜಂಬ ಕೊಚ್ಚುತ್ತಾರೆ. ಶುದ್ಧ ಸುಳ್ಳು. ದೌಲತಬಿ ಅದೇ ಊರಲ್ಲಿ ಹುಟ್ಟಿ, ಮೆಣಸಿನಕಾಯಿ ವ್ಯಾಪಾರಿ ಮಹಮ್ಮದ್ ಹನೀಫನನ್ನೇ ಮದುವೆಯಾಗಿ, ಈಗ ಅರವತ್ತರ ಹೊಸ್ತಿಲಲ್ಲಿ ಉಬ್ಬಸಕ್ಕೆ ಸಿಕ್ಕಿದ್ದಳು. ಮನೆಯ ಕೆಳಗೇ ಗೋದಾಮು. "ಆ ಧೂಳಿನಿಂದ ದೂರ ಇಡ್ರಿ, ಇಲ್ಲಾಂದ್ರ ಚಳಿಗಾಲ ಕಷ್ಟ ಐತಿ" ಎಂದು ಹಾವೇರಿಯ ಡಾಕ್ಟರು ಹೇಳಿದಂದಿನಿಂದ ಹನೀಫನಿಗೆ ತಿಂದ ರೊಟ್ಟಿ ರುಚಿಸಲಿಲ್ಲ.

ಮೋಟೆಬೆನ್ನೂರಿನ ಹೊಲದಲ್ಲಿ ಅವಳಿಗೊಂದು ಮಣ್ಣಿನ ಕೋಣೆ ಕಟ್ಟಿಸುವುದೆಂದು ನಿಶ್ಚಯಿಸಿದ. ಮಣ್ಣಿನ ಗೋಡೆ ಏರಿಸುವುದರಲ್ಲಿ ಪಳಗಿದ ಶಂಕ್ರಪ್ಪ ಬಂದ. ಹೊಲದ ಎರೆಮಣ್ಣು ಒಣಗಿದರೆ ಬಿರಿಯುತ್ತದೆಂದು ಬಿಟ್ಟು, ದಿನ್ನೆಯ ಕೆಂಪು ಮಣ್ಣಿಗೆ ಮರಳು ಬೆರೆಸಿ, ಉಂಡೆ ಕಟ್ಟಿ ಬಿಸಿಲಿಗಿಟ್ಟು ನೋಡಿದರು. ಬಿರುಕು ಬಿಡಲಿಲ್ಲ. ಆದರೆ ಮಣ್ಣಿಗೆ ಸೇರಿಸುವ ಹುಲ್ಲಿನ ವಿಷಯದಲ್ಲಿ ಹನೀಫ ಶಂಕ್ರಪ್ಪನ ಜೀವ ಹಿಂಡಿದ. ಗೋದಾಮಿನ ಹಿಂದಿನ ಬಣವೆಯದು ಬೇಡವೇ ಬೇಡ, ಅದರಲ್ಲಿ ಘಾಟು ಕೂತಿದೆ. ಕುಮಾರಪಟ್ಟಣದ ಕಡೆಯ ಹೊಳೆದಂಡೆಯ ಗದ್ದೆಗಳಿಂದ ಭತ್ತದ ಹುಲ್ಲು ತರಿಸಿ, ಹಿಡಿ ಹಿಡಿಯಾಗಿ ಮೂಸಿದ.

"ಸಾವ್ಕಾರ್ರ, ಎತ್ತೂ ಇಷ್ಟು ಮೂಸಿ ತಿನ್ನೂದಿಲ್ರಿ," ಎಂದ ಶಂಕ್ರಪ್ಪ.

ಕೋಣೆಯ ಅಳತೆಗೆ ಗೂಟ ಹೊಡೆದ ದಿನ ದೌಲತಬಿಯೂ ಬಂದಳು. ನಾಲ್ಕು ಗೂಟಗಳಿಗೆ ಹಗ್ಗ ಎಳೆದಿತ್ತು. ಅವಳು ಒಳಗೆ ನಿಂತು, ಕೈ ಚಾಚಿ, ಒಂದು ಸುತ್ತು ತಿರುಗಿ ನೋಡಿದಳು.

"ಇದರಾಗ ಒಂದ ಮಂಚ ಹಿಡಿತೈತಿ. ನೀವ ಎಲ್ಲಿ ಮಲಗ್ತೀರಿ?"

ಹನೀಫ ಯಾರಿಗೂ ಹೇಳದೆ ಮನಸ್ಸಿನಲ್ಲೇ ಮಾಡಿಕೊಂಡಿದ್ದ ತೀರ್ಮಾನ ಅದು. "ನಾ ಪ್ಯಾಟ್ಯಾಗ ಇರ್ತೇನಿ. ಸೊಸಿ ಹಗಲೆಲ್ಲಾ ನಿನ್ನ ಹಂತೇಕ ಇರ್ತಾಳ. ಮಣ್ಣು ಆರಿಸಿದೆ, ಹುಲ್ಲು ಆರಿಸಿದೆ. ಆದ್ರ ನನ್ನ ಮೈಯಾಗಿನ ಖಾರ ಎಲ್ಲಿ ಬಿಡ್ಲಿ? ಎಷ್ಟು ತೊಳದ್ರೂ ಹೋಗೂದಿಲ್ಲ. ಧೂಳು ತರಾಂವ ನಾನ."

ಅವಳನ್ನು ಬಿಟ್ಟಿರುವ ಮಾತು ಅವನಿಗೆ ಬಾಯಲ್ಲಿ ಆಡುವುದಕ್ಕೂ ಕಷ್ಟವಾಗಿತ್ತು. ಶಂಕ್ರಪ್ಪ ಏನೂ ಕೇಳಿಸದವನ ಹಾಗೆ ಹಗ್ಗ ಸರಿಮಾಡತೊಡಗಿದ.

ದೌಲತಬಿಗೆ ಸಿಟ್ಟು ಬಂತು, ಅದರ ಬೆನ್ನಿಗೇ ಅಳುವೂ ಬಂತು. ಬಗ್ಗಿ ಒಂದು ಗೂಟ ಕಿತ್ತಳು. ಏದುಸಿರು ಬಿಡುತ್ತಲೇ ಇನ್ನೊಂದನ್ನೂ ಕಿತ್ತು, ಎರಡನ್ನೂ ಇನ್ನೊಂದು ಮಂಚ ಹಿಡಿಯುವಷ್ಟು ಆಚೆಗೊಯ್ದು ಇಟ್ಟಳು.

"ಶಂಕ್ರಪ್ಪ, ಹೊರಗ ಒಂದು ಬಚ್ಚಲಾ ಕಟ್ಟು. ಪ್ಯಾಟಿಯಿಂದ ಬಂದವರು ಮೈ ತೊಳಕೊಂಡು, ಅರಬಿ ಬದಲಿಸಿ ಒಳಗ ಬರ್ಲಿ. ಉಳಿದ ಖಾರ ನಾ ತಡಕೊತೇನಿ."

"ಏ ಹುಚ್ಚಿ, ಉಸಿರು ಕಟ್ಟಿದ್ರ?"

"ಅದನ್ನ ಕೇಳಾಕತ್ತೇನಿ. ನಡುರಾತ್ರಿ ಉಸಿರು ಕಟ್ಟಿದ್ರ ನಾ ಯಾರನ್ನ ಎಬ್ಬಿಸ್ಲಿ?"

ಹನೀಫ ಶಂಕ್ರಪ್ಪನ ಕೈಯಿಂದ ಸುತ್ತಿಗೆ ಇಸಿದುಕೊಂಡು, ಅವಳು ಇಟ್ಟ ಜಾಗದಲ್ಲೇ ಗೂಟ ಹೊಡೆದ.