ಜಂಬಮ್ಮ ಓದಿದ ಪುಟ

ಎಂಬತ್ಮೂರನೇ ಇಸವಿಯ ಮಳೆಗಾಲದಿಂದ ಗೋಪಮ್ಮನ ಭಾನುವಾರಗಳು ಬಸ್ಸಿನಲ್ಲೇ ಕಳೆಯತೊಡಗಿದವು. ಅರಕೇರಾದಿಂದ ದೇವದುರ್ಗ, ದೇವದುರ್ಗದಿಂದ ರಾಯಚೂರು. ಅಲ್ಲಿ ಒಂದು ಕಾಲೇಜಿನ ಹಿಂದಿನ ಕೋಣೆಯಲ್ಲಿ ವಯಸ್ಕರ ಶಿಕ್ಷಣದ ಸ್ನಾತಕೋತ್ತರ ಡಿಪ್ಲೊಮಾ ತರಗತಿ ನಡೆಯುತ್ತಿತ್ತು. ನೌಕರಿ ಬಿಡದೆ ಓದುವವರಿಗೆಂದೇ ಇದ್ದ ಎರಡು ವರ್ಷದ ಕೋರ್ಸು. ಪಾಸಾದವರಿಗೆ ಮೇಲ್ವಿಚಾರಕರ ಹುದ್ದೆ ಸಿಗುತ್ತದೆಂದು ಎಲ್ಲರೂ ನಂಬಿದ್ದರು. ವಾರದ ಉಳಿದ ದಿನ ಗೋಪಮ್ಮ ಅರಕೇರಾದ ಶಾಲೆಯಲ್ಲಿ ಮಕ್ಕಳಿಗೆ ಕಲಿಸಿ, ಸಂಜೆ ಅದೇ ಶಾಲೆಯ ಪಡಸಾಲೆಯಲ್ಲಿ ಹೆಂಗಸರಿಗೆ ಅಕ್ಷರ ಹೇಳಿಕೊಡುತ್ತಿದ್ದಳು. ಕೂಲಿಕಾರರ ಕೇರಿಯಿಂದ ಬಂದು ಬಿ.ಎ. ಮಾಡಿದ ಮೊದಲ ಹೆಣ್ಣುಮಗಳು ಅವಳು.

ಎರಡನೇ ವರ್ಷ ಪ್ರಬಂಧ ಬರೆಯಬೇಕಿತ್ತು. ತನ್ನ ಕೇಂದ್ರದ ಹೆಂಗಸರ ಬಗ್ಗೆಯೇ ಬರೆದಳು. ಕುರಿ ಕಾಯುವ ಮನೆತನದ ಜಂಬಮ್ಮ ಆರು ತಿಂಗಳಲ್ಲಿ ಬಸ್ಸಿನ ಬೋರ್ಡು ಓದಲು ಕಲಿತದ್ದು, ಉಣ್ಣೆ ಕೊಳ್ಳುವವನ ಚೀಟಿಯಲ್ಲಿ ತೂಕದ ತಪ್ಪು ಹಿಡಿದು ಅವನ ಮುಂದೆಯೇ ಓದಿ ತೋರಿಸಿದ್ದು, ಎಲ್ಲವನ್ನೂ ನಲವತ್ತು ಪುಟ ತುಂಬಿಸಿ ಒಯ್ದಳು.

ಗೈಡ್ ಕನಕರಾಯ ಸರ್ ಎಲೆ ಅಡಿಕೆ ಜಗಿಯುತ್ತ, ನಾಲಿಗೆಗೆ ಬೆರಳು ಹಚ್ಚಿ ಹಾಳೆ ತಿರುವಿದರು. ಪ್ರತಿ ಹಾಳೆಯ ಮೂಲೆಯಲ್ಲೂ ಕೆಂಪು ಕಲೆ ಬಿತ್ತು. ಕಿಟಕಿಯಾಚೆ ಉಗುಳಿ ಬಂದು ಹೇಳಿದರು:

"ಇದು ಪ್ರಬಂಧ ಅಲ್ಲಮ್ಮ, ಓಣಿ ಸುದ್ದಿ. ಸಮಸ್ಯೆ ಎಲ್ಲಿ ಅದ ಇದರಾಗ? ಅವ್ರು ಇಷ್ಟು ಶಾಣ್ಯಾ ಇದ್ರ ಸರ್ಕಾರ ನಮಗ್ಯಾಕ ಪಗಾರ ಕೊಡ್ತದ? ನಾನೂ ಕುರಿ ಹಟ್ಟಿಯಾಗ ಹುಟ್ಟಿದಾಂವನ. ಆ ಮಂದಿ ನನಗ ಗೊತ್ತದಾರ."

ಹಿಂದಿನ ವರ್ಷದ ಒಂದು ಪ್ರಬಂಧ ತೆಗೆದು ಅವಳ ಮುಂದೆ ತಳ್ಳಿದರು. "ಇದನ್ನ ನೋಡ್ಕೊಂಡು ಮೂರನೇ ಅಧ್ಯಾಯ ಬರೀರಿ. ಹೆಸರು ನಿಮ್ಮೂರಿನವು ಹಾಕ್ರಿ, ಸಾಕು."

ಗೋಪಮ್ಮ ಬರೆದಳು. ಬರೆಯುವಾಗ ಕೈ ಒಂದೆರಡು ಸಲ ನಿಂತಿತು. ಇದನ್ನು ಓದುವವರು ಯಾರು, ಕಪಾಟಿನಲ್ಲಿ ಬೀಳುವ ಕಾಗದ ಎಂದುಕೊಂಡು ಮುಂದುವರಿಸಿದಳು. ರಾಯಚೂರಿನಲ್ಲಿ ಟೈಪು ಮಾಡಿಸಿ, ಎರಡು ಪ್ರತಿ ಗೈಡಿಗೆ ಕೊಟ್ಟು, ಒಂದನ್ನು ತಾನಿಟ್ಟುಕೊಂಡಳು.

ಮರುದಿನ ಸಂಜೆ ಅವಳು ಹಲಗೆಯ ಮೇಲೆ ಪಾಠ ಬರೆಯುತ್ತಿದ್ದಾಗ ಬೆನ್ನ ಹಿಂದೆ ಜಂಬಮ್ಮನ ದನಿ ಕೇಳಿಸಿತು.

"ಯವ್ವಾ, ಇದರಾಗ ನನ್ನ ಹೆಸರು ಅದಲ್ಲಬೇ!"

ಕುರ್ಚಿಯ ಮೇಲಿದ್ದ ಪ್ರಬಂಧ ಜಂಬಮ್ಮನ ತೊಡೆಯ ಮೇಲಿತ್ತು. ಕಣ್ಣಿಗೆ ಬಿದ್ದ ಅಕ್ಷರವನ್ನೆಲ್ಲ ಓದುವ ಹೆಂಗಸು ಅವಳು, ಮೆಣಸಿನಪುಡಿ ಕಟ್ಟಿದ ಕಾಗದವನ್ನೂ ಬಿಡುತ್ತಿರಲಿಲ್ಲ. ಅಚ್ಚಿನಂಥ ಅಕ್ಷರದಲ್ಲಿ ತನ್ನ ಹೆಸರು ಕಂಡ ಸಂತೋಷಕ್ಕೆ ಉಳಿದ ಹೆಂಗಸರನ್ನೆಲ್ಲ ಹತ್ತಿರ ಕರೆದು, ಸಾಲಿನ ಕೆಳಗೆ ಬೆರಳಿಟ್ಟು ಗಟ್ಟಿಯಾಗಿ ಓದತೊಡಗಿದಳು.

"ಜಂಬಮ್ಮ. ವಯಸ್ಸು ಐವತ್ತೆರಡು. ಸ್ನಾನ... ವಿ... ವಿರ..."

"ವಿರಳ," ಎಂದಳು ಗೋಪಮ್ಮ. ಕಲಿಸುವವಳ ನಾಲಿಗೆ, ತಾನಾಗಿಯೇ ತಿದ್ದಿತು. ಆಮೇಲೆ ಅದು ಯಾವ ಪುಟವೆಂದು ಹೊಳೆಯಿತು. "ಕೊಡಬೇ ಇಲ್ಲಿ, ಅದು ಪಾಠ ಅಲ್ಲ," ಎಂದು ಕೈ ಚಾಚಿದಳು.

ಜಂಬಮ್ಮ ಕೊಡಲಿಲ್ಲ. "ಕುರಿಗಳೊಡನೆ ಒಂದೇ ಸೂರಿನಡಿ ವಾಸ. ಮಕ್ಕಳನ್ನು ಹಂದಿಗಳಂತೆ ಬೆಳೆಸಿದ್ದಾಳೆ. ಈಕೆಯ ಮನೆಯೊಳಗೆ ಕಾಲಿಟ್ಟರೆ ವಾಕರಿಕೆ ಬರುತ್ತದೆ."

ಒಂದಕ್ಷರ ತಪ್ಪಿಲ್ಲದೆ ಓದಿದಳು. ಜಂಬಮ್ಮ ಬೆರಳನ್ನು ಆ ಸಾಲಿನ ಕೆಳಗಿಂದ ತೆಗೆಯದೆ ತಲೆಯೆತ್ತಿದಳು.

"ಹೋದ ವರ್ಷ ನಿನ್ನ ಒಳಗ ಕರದು ಊಟಕ್ಕ ಹಾಕಿದ್ದೆ. ಕೇರಿಯಾಕಿನ ಅಡಗಿ ಮನಿತನ ಬಿಟ್ಕೊಂಡಿ ಅಂತ ಓಣಿ ಮಂದಿ ಬೈದ್ರು. ನಾ ಕೇಳಲಿಲ್ಲ. ಅವತ್ತ ನಿನಗ ವಾಕರಿಕಿ ಬಂದಿತ್ತೇನು?"

"ಇಲ್ಲಬೇ..."

"ಮತ್ಯಾಕ ಬರದಿ?"

ಜಂಬಮ್ಮ ಪ್ರಬಂಧವನ್ನು ಕುರ್ಚಿಯ ಮೇಲಿಟ್ಟು, ಸೆರಗು ಕೊಡವಿಕೊಂಡು ಹೊರಟುಹೋದಳು. ಅವಳ ಹಿಂದೆ ಒಬ್ಬೊಬ್ಬರೇ ಎದ್ದರು. ಗೋಪಮ್ಮನಿಗೆ ವಾಕರಿಕೆ ಈಗ ನಿಜವಾಗಿಯೂ ಬಂದಿತ್ತು, ತಾನು ಬರೆದದ್ದರ ಮೇಲೆ, ತನ್ನ ಮೇಲೆ.

ಭಾನುವಾರ ರಾಯಚೂರಿಗೆ ಹೋದಾಗ ಕಾಲೇಜಿನ ಕಟ್ಟೆಯ ಮೇಲೆ ಶಂಶುದ್ದೀನ್ ಕೂತಿದ್ದ. ಮಾನ್ವಿಯಲ್ಲಿ ಗಂಡಸರ ಕೇಂದ್ರ ನಡೆಸುವ ಮೇಷ್ಟ್ರು, ಅವಳ ಸಹಪಾಠಿ. ನಡೆದದ್ದನ್ನು ಕೇಳಿ ತನ್ನ ಪ್ರಬಂಧ ಬಿಚ್ಚಿ ತೋರಿಸಿದ. ಅದೇ ಮನೆ, ಅದೇ ಹಂದಿ, ಅದೇ ವಾಕರಿಕೆ. ಜಂಬಮ್ಮನ ಜಾಗದಲ್ಲಿ ಮೀರಾಹುಸೇನ ಎಂಬ ಹಮಾಲನ ಹೆಸರಿತ್ತು.

"ಎಲ್ಲಾರದೂ ಅದ ಮನಿರೀ ಅಕ್ಕಾ," ಎಂದು ಅವನು ನಕ್ಕ. "ತಲಿ ಕೆಡಿಸ್ಕೋಬ್ಯಾಡ್ರಿ. ಕಾಗದ ಕೈಗೆ ಬಂದ್ರ ಸಾಕಲ್ಲ."

ಆ ನಗು ಕೇಳಿ ಅವಳಿಗೆ ಕೊಳೆತ ನೀರಿನಲ್ಲಿ ಕಾಲಿಟ್ಟಂತಾಯಿತು.

ಕನಕರಾಯ ಸರ್ ಅವಳ ಎರಡೂ ಪ್ರತಿಗೆ ಆಗಲೇ ಸಹಿ ಹಾಕಿಟ್ಟಿದ್ದರು. ಮೂರನೇ ಅಧ್ಯಾಯ ತೆಗೆಯಬೇಕು ಎಂದು ಅವಳು ಹೇಳಿದಾಗ ಹುಬ್ಬೇರಿಸಿದರು. "ಯಾಕಮ್ಮ? ಆ ಮಂದಿ ಓದಾಕ ಅಂತ ಬರದದ್ದಲ್ಲ ಇದು."

"ಓದಿದಳ್ರೀ ಸರ್."

"ಯಾರು?"

"ಜಂಬಮ್ಮ. ಎಲ್ಲಾರ ಮುಂದ ಓದಿದಳು."

ಅವರು ಜಗಿಯುವುದನ್ನು ನಿಲ್ಲಿಸಿದರು, ಅರೆಕ್ಷಣ. ಆಮೇಲೆ ಹೊಟ್ಟೆ ಕುಣಿಸಿ ನಕ್ಕರು. "ಕಲಿಕಾರ್ಥಿಗಳು ಇನ್ನೂ ಒಂದು ವಾಕ್ಯ ಓದಲಾರರು ಅಂತ ಕೊನಿಗೆ ಬರದೀರಲ್ಲ, ಅದನ್ನೂ ಸುಳ್ಳು ಮಾಡಿದಳೇನು ಮುದುಕಿ? ಪರೀಕ್ಷಕರ ಮುಂದ ಮಾತ್ರ ಇದು ಹೇಳಬ್ಯಾಡ್ರಿ."

ಅವರ ಹಲ್ಲಿನ ಸಂದಿಯ ಕೆಂಪು ರಸ ನೋಡುತ್ತ ಗೋಪಮ್ಮನಿಗೆ ಆ ಕೋಣೆಯಲ್ಲಿ ಉಸಿರಾಡುವುದೇ ಹೇಸಿಗೆಯೆನಿಸಿತು.

"ಎರಡೂ ಪ್ರತಿ ಕೊಡ್ರಿ ಸರ್. ನನಗ ಡಿಪ್ಲೊಮಾ ಬ್ಯಾಡ."

"ಒಬ್ಬ ಮುದುಕಿ ಸಲುವಾಗಿ ಎರಡು ವರ್ಷ ಹಾಳು ಮಾಡ್ಕೋತೀರೇನು?"

"ಹಾಳು ಆಗ್ಲೇ ಮಾಡೀನ್ರಿ," ಎಂದು ಅವಳೇ ಮೇಜಿನ ಮೇಲಿನ ಎರಡನ್ನೂ ಎತ್ತಿಕೊಂಡಳು.

ಸೋಮವಾರ ಜಂಬಮ್ಮನ ಮನೆಗೆ ಹೋಗಿ ಮೂರೂ ಪ್ರತಿಗಳನ್ನು ಕಟ್ಟೆಯ ಮೇಲಿಟ್ಟಳು. ಜಂಬಮ್ಮ ಉಣ್ಣೆ ಹಿಂಜುತ್ತಿದ್ದಳು. ಕುಡಿಯಲು ನೀರು ತಂದುಕೊಟ್ಟಳು, ಒಳಗೆ ಬಾ ಎನ್ನಲಿಲ್ಲ.

"ಇಷ್ಟ ಅದಾವೇನು, ಇನ್ನೂ ಅದಾವೇನು?"

"ಇಷ್ಟ ಅದಾವಬೇ."

"ಬರದ ಕೈ ಇನ್ನೂ ಅದಲ್ಲ," ಎಂದು ಜಂಬಮ್ಮ ಮತ್ತೆ ಉಣ್ಣೆಗೆ ಕೈ ಹಚ್ಚಿದಳು.

ಮುಂದಿನ ವರ್ಷ ಶಂಶುದ್ದೀನ್ ಪ್ರಥಮ ದರ್ಜೆಯಲ್ಲಿ ಪಾಸಾಗಿ ಮೇಲ್ವಿಚಾರಕನಾದ. ಗೋಪಮ್ಮನ ಕೇಂದ್ರ ನಾಲ್ಕು ತಿಂಗಳು ಬರಿದಾಗಿತ್ತು. ಆಮೇಲೆ ಒಬ್ಬಿಬ್ಬರು ಬಂದರು, ಕಡೆಗೆ ಜಂಬಮ್ಮನೂ ಬಂದು ಗೋಡೆಯ ಪಕ್ಕ ಕೂತಳು. ಗೋಪಮ್ಮ ಖುಷಿಯಿಂದ ಪುಸ್ತಕ ಕೊಟ್ಟು, "ಗಟ್ಟಿಯಾಗಿ ಓದಬೇ, ಎಲ್ಲಾರೂ ಕೇಳಲಿ," ಎಂದಳು.

"ಬ್ಯಾಡ ಅಕ್ಕೋರೇ," ಎಂದಳು ಜಂಬಮ್ಮ. ಪರಊರಿನ ಟೀಚರನ್ನು ಕರೆಯುವಂತೆ ಅಕ್ಕೋರೇ ಎಂದು ಅವಳು ಕರೆದದ್ದು ಅದೇ ಮೊದಲು. "ನನ್ನಷ್ಟಕ್ಕ ನಾ ಓದ್ಕೋತೀನಿ."