ಬಿಸಿಲಿಗೆ ಮೈಯೊಡ್ಡದೆ ಬಂದ ಬಣ್ಣ

ಟೆಗನ್‌ಳ ಶಾಲೆಯ ಕೊನೆಯ ವರ್ಷದ ನೃತ್ಯಕೂಟಕ್ಕೆ ಇನ್ನು ಎಂಟೇ ದಿನ ಉಳಿದಿತ್ತು. ಹೊಲಿಸಿದ ಹಸಿರು ಗೌನಿಗೆ ಬೆನ್ನಿನ ಕಡೆ ಬಟ್ಟೆಯೇ ಇರಲಿಲ್ಲ. ಕೆಂಪು ಕೂದಲಿನ ಆ ಹುಡುಗಿಯ ಬೆನ್ನೋ, ಹಾಲಿನ ಕೆನೆಯಂತೆ ಬೆಳ್ಳಗೆ.

"ನ್ಯಾನ್, ಕ್ಲಾಸಲ್ಲಿ ಎಲ್ರೂ ಬಿಸಿಲು ಕಾಯ್ಸಿ ಕಂದಗಾಗಿದ್ದಾರೆ. ನಾನೊಬ್ಳೇ ಸುಣ್ಣ ಬಳಿದ ಗೋಡೆ ಥರ ನಿಂತ್ಕೋಬೇಕಾ?" ಎಂದು ಅವಳು ಅಜ್ಜಿಯ ಮುಂದೆ ಮುಖ ಊದಿಸಿದಳು.

ಟೆಗನ್ 'ನ್ಯಾನ್' ಎಂದು ಕರೆಯುವ ಅಜ್ಜಿ ನೊರೀನ್‌ಗೆ ಅರವತ್ತೆಂಟು. ಹುಟ್ಟಿ ಬೆಳೆದದ್ದೆಲ್ಲ ಕ್ವೀನ್ಸ್‌ಲ್ಯಾಂಡಿನ ಬರ್ಗಾರಾ ಕಡಲತೀರದಲ್ಲೇ.

"ಅದಕ್ಕೇನಂತೆ? ಹೇಗೂ ರಜೆ, ನಾಳೆಯಿಂದ ದಿನಾ ಹನ್ನೊಂದಕ್ಕೆ ಮರಳಲ್ಲಿ ಒಂದೊಂದು ಗಂಟೆ ಮಲ್ಕೋ. ಎಣ್ಣೆ ನಾನೇ ಹಚ್ತೀನಿ" ಎಂದಳು.

ಹೇಳುತ್ತಿದ್ದಂತೆ ಅವಳಿಗೆ 1974ರ ಬೇಸಿಗೆ ನೆನಪಾಯಿತು. ಅವಳಿಗಾಗ ಹದಿನೇಳು, ತಂಗಿ ಕೊಲೀನ್‌ಗೆ ಹದಿನೈದು. ಇಬ್ಬರೂ ಕೊಬ್ಬರಿ ಎಣ್ಣೆ ಬಳಿದುಕೊಂಡು, ಪುಟ್ಟ ರೇಡಿಯೊವನ್ನು ಪಕ್ಕದಲ್ಲಿಟ್ಟುಕೊಂಡು ಟವೆಲಿನ ಮೇಲೆ ಮಲಗುತ್ತಿದ್ದರು. ಮೂರು ಹಾಡು ಬೆನ್ನಿಗೆ, ಮೂರು ಹಾಡು ಹೊಟ್ಟೆಗೆ, ಜಾಹೀರಾತು ಲೆಕ್ಕಕ್ಕಿಲ್ಲ. ವಾರದೊಳಗೆ ಸುಟ್ಟ ಚರ್ಮ ಏಳುತ್ತಿತ್ತು. ಒಬ್ಬರ ಬೆನ್ನಿನ ಸಿಪ್ಪೆಯನ್ನು ಇನ್ನೊಬ್ಬರು ಸುಲಿಯಬೇಕು. ಹರಿಯದಂತೆ ಉದ್ದನೆಯ ಪಟ್ಟಿ ತೆಗೆದವರು ಗೆದ್ದಂತೆ. ಕೊಲೀನ್ ಭುಜದಿಂದ ಸೊಂಟದವರೆಗೆ ಒಂದೇ ಪಟ್ಟಿ ಎಳೆದು, ಗಾಳಿಗೆ ಹಿಡಿದು, "ನೋಡೇ, ನಿನ್ನ ಮದುವೆ ಮುಸುಕು" ಎಂದು ನಗುತ್ತಿದ್ದಳು.

ಪಕ್ಕದ ಮನೆಯ ಗ್ಲೆನಿಸ್ ಮಾವಿನಹಣ್ಣು ಹಿಡಿದು ಅಡುಗೆಮನೆಗೆ ಬಂದಾಗ ಈ ಮಾತೇ ನಡೆದಿತ್ತು. ಗ್ಲೆನಿಸ್ ಮೂವತ್ತು ವರ್ಷ ಔಷಧಿ ಅಂಗಡಿಯಲ್ಲಿ ದುಡಿದವಳು.

"ಮಗೂನ ಯಾಕೆ ಹುರಿಯೋಕೆ ಹೊರಟಿದ್ದೀಯ? ಟ್ಯಾನ್ ಲೋಷನ್ ಹಚ್ಚು, ಬಿಸಿಲಿಲ್ಲದೇನೇ ಆರೆಂಟು ಗಂಟೇಲಿ ಕಂದುಬಣ್ಣ ಬರುತ್ತೆ" ಎಂದಳು ಗ್ಲೆನಿಸ್.

"ಆ ಬಾಟಲಿ ಬಣ್ಣನಾ? ನಿನ್ನ ಮಗಳ ಮದುವೆಗೆ ಹಚ್ಕೊಂಡಿದ್ಯಲ್ಲ, ಫೋಟೋದಲ್ಲಿ ಕುಂಬಳಕಾಯಿ ನಿಂತ ಹಾಗಿದೆ."

"ಅವಸರದಲ್ಲಿ ಬಳ್ಕೊಂಡೆ ಕಣೇ. ತಪ್ಪು ನಂದು, ಬಾಟಲೀದಲ್ಲ."

"ಏನೇ ಹೇಳು, ಬಿಸಿಲಲ್ಲಿ ಬಂದದ್ದೇ ನಿಜವಾದ ಬಣ್ಣ."

"ಬಿಸಿಲಿನ ಏಟು ಬಿದ್ದಾಗ ಚರ್ಮ ತನ್ನನ್ನ ಕಾಪಾಡ್ಕೊಳ್ಳೋಕೆ ಕಂದಗಾಗುತ್ತೆ. ನಾವು ಆ ಏಟನ್ನೇ ಚೆಂದ ಅಂದ್ಕೊಂಡ್ವಿ. ಲೋಷನ್ ಮೇಲಿನ ಸತ್ತ ಪದರಕ್ಕಷ್ಟೇ ಬಣ್ಣ ಕೊಡುತ್ತೆ. ವಾರದೊಳಗೆ ಆ ಪದರದ ಜೊತೇಲೇ ಉದುರಿಹೋಗುತ್ತೆ."

"ಅಷ್ಟೆಲ್ಲಾ ಬಿಸಿಲು ಕುಡಿದ್ವಲ್ಲ, ನಂಗೇನಾಯ್ತು?"

ಗ್ಲೆನಿಸ್ ಹಣ್ಣು ಕತ್ತರಿಸುವುದನ್ನು ನಿಲ್ಲಿಸಿದಳು. "ನಿಂಗಾಗ್ಲಿಲ್ಲ, ನೊರೀನ್" ಎಂದಷ್ಟೇ ಹೇಳಿದಳು.

ಕೊಲೀನ್ ತೀರಿಕೊಂಡಾಗ ಅವಳಿಗೆ ನಲವತ್ತೊಂದು. ಬೆನ್ನ ಮೇಲಿನ ಮಚ್ಚೆಯೊಂದು ಅಂಚು ಹರಡಿ ಬಣ್ಣ ಬದಲಿಸಿದ್ದನ್ನು ಯಾರೂ ಗಮನಿಸಿರಲಿಲ್ಲ. ಗಮನಿಸುವ ಹೊತ್ತಿಗೆ ಕ್ಯಾನ್ಸರ್ ಶ್ವಾಸಕೋಶಕ್ಕೆ ಹಬ್ಬಿತ್ತು. ಯಾವ ದಿನದ ಬಿಸಿಲಿನಿಂದ ಹಾಗಾಯಿತೆಂದು ಯಾವ ವೈದ್ಯರೂ ಹೇಳಲಾರರು. ಆದರೆ ಆ ಬೆನ್ನಿಗೆ ಬೇಸಿಗೆಯುದ್ದಕ್ಕೂ ಎಣ್ಣೆ ಹಚ್ಚಿದ ಕೈ ಯಾರದೆಂದು ನೊರೀನ್‌ಗೆ ಗೊತ್ತಿತ್ತು. ಅವಳು ಮೊಮ್ಮಗಳ ಬೆನ್ನಿನ ಕಡೆ ನೋಡಿ, ಗ್ಲೆನಿಸ್ ಕಡೆ ತಿರುಗಿದಳು.

"ಆ ಲೋಷನ್ ಹಚ್ಚೋದು ಹೇಗೆ, ಹೇಳು."

ಬುಧವಾರ ಗ್ಲೆನಿಸ್ ಟೆಗನ್‌ಳ ಮೊಣಕೈ ಒಳಮಗ್ಗುಲಿಗೆ ಒಂದಿಷ್ಟು ಹಚ್ಚಿ ನೋಡಿದಳು. ಮಾರನೆಯ ದಿನದವರೆಗೂ ತುರಿಕೆ ಬರಲಿಲ್ಲ, ಚರ್ಮ ಕೆಂಪಾಗಲಿಲ್ಲ. ನೃತ್ಯಕೂಟಕ್ಕೆ ಎರಡು ದಿನ ಮೊದಲು, ಗುರುವಾರ ಸಂಜೆ, ಟೆಗನ್ ಒರಟು ಬಟ್ಟೆಯಿಂದ ಮೈ ಉಜ್ಜಿ ಸ್ನಾನ ಮಾಡಿ, ಚೆನ್ನಾಗಿ ಒರೆಸಿಕೊಂಡಳು. ಮೊಣಕೈ, ಮಂಡಿ, ಹಿಮ್ಮಡಿಗಳಲ್ಲಿ ಬಣ್ಣ ಗಾಢವಾಗಿ ಕೂರುತ್ತದೆಂದು ಅಲ್ಲಿ ಮೊದಲು ತೆಳ್ಳಗೆ ಮಾಯಿಶ್ಚರೈಸರ್ ಸವರಿದರು. ಬೆನ್ನಿಗೆ ನೊರೀನ್ ಕೈಗವಸು ಹಾಕಿಕೊಂಡು ತಾನೇ ಲೋಷನ್ ಹಚ್ಚಿದಳು.

"ನ್ಯಾನ್, ಬಿಸ್ಕತ್ ವಾಸನೆ ಬರ್ತಿದೆ."

"ನೆಕ್ಕಬೇಡ. ಸುಮ್ನೆ ನಿಂತ್ಕೋ."

ಶುಕ್ರವಾರ ಬೆಳಗ್ಗೆ ಟೆಗನ್ ಹದವಾಗಿ ಕಂದುಬಣ್ಣಕ್ಕೆ ಬಂದಿದ್ದಳು. ಹತ್ತೂವರೆಗೆ ಟೋಪಿಯಿಲ್ಲದೆ, ತೋಳಿಲ್ಲದ ಅಂಗಿಯಲ್ಲಿ ವಾಲಿಬಾಲ್ ಆಡಲು ತೀರಕ್ಕೆ ಹೊರಟಳು.

"ಸನ್‌ಸ್ಕ್ರೀನ್?" ಎಂದಳು ನೊರೀನ್.

"ಈಗಾಗ್ಲೇ ಕಂದಗಾಗಿದ್ದೀನಲ್ಲ, ಇನ್ನು ಬಿಸಿಲು ತಾಗಲ್ಲ."

ನೊರೀನ್ ಇನ್ನೇನು ತಲೆಯಾಡಿಸಿ ಕಳಿಸಿಯೇ ಬಿಡುತ್ತಿದ್ದಳು. ಒಮ್ಮೆ ಕಂದಗಾದ ಮೈ ಸುಡುವುದಿಲ್ಲ ಎಂದು ಅವಳ ಕಾಲದವರೂ ನಂಬಿದ್ದರು. ಬೇಲಿಯಾಚೆ ಬಟ್ಟೆ ಒಣಗಿಸುತ್ತಿದ್ದ ಗ್ಲೆನಿಸ್‌ಗೆ ಮಾತು ಕೇಳಿಸಿತು.

"ಗೋಡೆಗೆ ಬಣ್ಣ ಬಳಿದ್ರೆ ಸೂರು ಬಂದ ಹಾಗಾಯ್ತಾ? ಆ ಬಣ್ಣ ಬಿಸಿಲನ್ನ ತಡೆಯಲ್ಲ. ಹಚ್ಕೊಂಡಿದ್ರೂ ಸುಡುತ್ತೆ."

ನೊರೀನ್ ಬಾಗಿಲಿಗೆ ಅಡ್ಡ ನಿಂತಳು. "ಬಾ ಇಲ್ಲಿ. ಸನ್‌ಸ್ಕ್ರೀನ್ ಹಚ್ಕೊಂಡು ಇಪ್ಪತ್ತು ನಿಮಿಷ ಕೂತು ಆಮೇಲೆ ಹೋಗು. ಉದ್ದ ತೋಳಿನ ಅಂಗಿ, ಟೋಪಿ ಹಾಕ್ಕೋ. ಎರಡು ಗಂಟೆಗೊಂದ್ಸಲ ಮತ್ತೆ ಹಚ್ಚು."

"ನಿನ್ನ ಕಾಲದಲ್ಲಿ ನೀವು ದಿನವಿಡೀ ಬಿಸಿಲಲ್ಲೇ ಬಿದ್ದಿರ್ತಿದ್ರಿ!"

"ಆಗ ನಾವು ಇಬ್ರಿದ್ವಿ, ಮಗಳೇ. ಈಗ ನಾನೊಬ್ಳೇ ಇದ್ದೀನಿ."

ಟೆಗನ್ ಸನ್‌ಸ್ಕ್ರೀನ್ ಟ್ಯೂಬನ್ನು ಅಜ್ಜಿಯ ಕೈಗಿಟ್ಟು ಬೆನ್ನು ತಿರುಗಿಸಿದಳು.

ನಿಮ್ಮ ಮೈಗೆ ಇರುವ ಬಣ್ಣವೇ ಸಾಕು. ಕಂದುಬಣ್ಣ ಬೇಕೇ ಬೇಕು ಎನ್ನುವವರು ಅದನ್ನು ಬಾಟಲಿಯಿಂದ ಪಡೆಯಲಿ, ಬಿಸಿಲಿನಿಂದ ಬೇಡ. ಬಾಟಲಿಯ ಬಣ್ಣ ಹಚ್ಚಿಕೊಂಡರೂ ಹೊರಗೆ ಹೋಗುವಾಗ ಸನ್‌ಸ್ಕ್ರೀನ್, ಟೋಪಿ, ಮೈ ಮುಚ್ಚುವ ಅಂಗಿ ತಪ್ಪಿಸಬೇಡಿ. ಆಕಾರವನ್ನೋ ಬಣ್ಣವನ್ನೋ ಬದಲಿಸಿದ ಮಚ್ಚೆ ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಿ. ನಿಮ್ಮ ಬೆನ್ನು ನಿಮಗೆ ಕಾಣುವುದಿಲ್ಲ. ಇವತ್ತೇ ಮನೆಯವರೊಬ್ಬರನ್ನು ಕರೆದು, ನೋಡಲು ಹೇಳಿ.