ಕಾಣದ ಅಂಚು

"ಯಾರದನ್ನ ಯಾರು ಕಾಪಿ ಹೊಡೆದಿದ್ದು? ಹೇಳ್ರಯ್ಯ."

ಡ್ರಾಯಿಂಗ್ ಹಾಲಿನ ಮೇಜಿನ ಮೇಲೆ ಗುಂಡಯ್ಯ ಮೇಷ್ಟ್ರು ಎರಡು ಹಾಳೆಗಳನ್ನು ಅಕ್ಕಪಕ್ಕ ಹರಡಿದ್ದರು. ಎರಡರಲ್ಲೂ ಅದೇ ಶಂಕು, ನಡುವೆ ಅದೇ ತೂತು. ತೂತಿನ ಒಳ ಅಂಚು ಹೊರಗಿನಿಂದ ಕಾಣುವುದಿಲ್ಲ. ಕಾಣದ್ದನ್ನು ತುಂಡುಗೆರೆಯಲ್ಲಿ ತೋರಿಸಬೇಕೆಂಬುದು ಇಂಜಿನಿಯರಿಂಗ್ ಡ್ರಾಯಿಂಗಿನ ಮೊದಲ ಪಾಠ. ಎರಡೂ ಹಾಳೆಗಳಲ್ಲಿ ಅದು ಪೂರ್ತಿ ಗೆರೆಯಾಗಿತ್ತು.

ತಪ್ಪು, ಮೇಜಿನೆದುರು ನಿಂತಿದ್ದ ಇಬ್ಬರಲ್ಲಿ ಮನ್ಸೂರನದು. ಸ್ವಂತದ್ದೆಂದು ಅದರ ಮೇಲೂ ಅವನಿಗೆ ಒಂಥರಾ ಮಮತೆ. ಕುಣಿಗಲ್ಲಿನಿಂದ ತುಮಕೂರಿಗೆ ಓದಲು ಬಂದಾಗಿನಿಂದ ಒಂದು ಆಕಾರವೂ ಅವನ ತಲೆಯಲ್ಲಿ ನಿಂತದ್ದಿಲ್ಲ. ಮೇಲಿನಿಂದ ನೋಡಿದರೂ ಎದುರಿನಿಂದ ನೋಡಿದರೂ ಬರೀ ಗೆರೆಗಳು. ಎಲ್ಲರ ಹಾಗೆ ಅವನೂ ಜಿಟಿ, ಅಂದರೆ ಗ್ಲಾಸ್ ಟ್ರೇಸಿಂಗ್, ಹೊಡೆದು ಬದುಕಿದ್ದ: ಗಾಜಿನ ಕೆಳಗೆ ಬಲ್ಬು, ಗಾಜಿನ ಮೇಲೆ ಇನ್ನೊಬ್ಬರ ಹಾಳೆ, ಅದರ ಮೇಲೆ ತನ್ನದು. ಒಮ್ಮೆ ಮೇಷ್ಟ್ರ ಕೈಗೆ ಸಿಕ್ಕಿಬಿದ್ದೂ ಇದ್ದ. ಈ ಶಂಕು ಮಾತ್ರ ಏಕೋ ಭಾನುವಾರ ಇದ್ದಕ್ಕಿದ್ದಂತೆ ಎದ್ದು ನಿಂತಿತು. ಅದರ ಸುತ್ತ ಓಡಾಡಿ ಬಂದವನಂತೆ, ಅಳಿಸಿ ಅಳಿಸಿ ಬರೆದ. ರೂಮಿನ ಗೆಳೆಯ, ಗುಬ್ಬಿಯ ಚನ್ನವೀರ, ಅದರ ಮೇಲೆ ತನ್ನ ಹಾಳೆ ಇಟ್ಟಾಗ ಖುಷಿಯಲ್ಲಿ ತಾನೇ ಬಲ್ಬು ಹಿಡಿದು ಕೂತಿದ್ದ.

ಈಗ ಚನ್ನವೀರ ಕೈಯಲ್ಲಿದ್ದ ಟಿ-ಸ್ಕ್ವೇರ್ ಪಟ್ಟಿಯ ತುದಿ ನೋಡುತ್ತ ನಿಂತಿದ್ದ.

"ನನ್ನದು ನಾನೇ ಹಾಕಿದ್ದು ಸಾರ್," ಎಂದ.

ಮನ್ಸೂರ್ ಅವನತ್ತ ತಿರುಗಿದ. ಅವನು ತಿರುಗಲಿಲ್ಲ.

"ನೀನು?" ಎಂದರು ಮೇಷ್ಟ್ರು.

"ನಾನೂ... ನಾನೇ ಸಾರ್."

ಮೇಷ್ಟ್ರು ಮನ್ಸೂರನ ಹಾಳೆಯನ್ನು ಕಿಟಕಿಗೆ ಹಿಡಿದರು. ಅಳಿಸಿದ ಕಡೆಯೆಲ್ಲ ಕಾಗದ ಸವೆದು ಬೆಳಕು ತೂರಿ ಬರುತ್ತಿತ್ತು.

"ತಿಳಿದು ಹಾಕೋನು ಇಷ್ಟು ಉಜ್ಜಲ್ಲ ಕಣಯ್ಯ. ನಿನ್ನ ಹಳೇ ಚಾಳಿ ಇನ್ನೂ ಬಿಟ್ಟಿಲ್ಲ."

ಚನ್ನವೀರನ ಚೊಕ್ಕ ಹಾಳೆಯಲ್ಲಿ ತಪ್ಪನ್ನು ತಿದ್ದಿ ಸಹಿ ಹಾಕಿದರು. ಮನ್ಸೂರನದನ್ನು ಅಡ್ಡಕ್ಕೆ ಹರಿದರು. ನಾಳೆ ಬೆಳಿಗ್ಗೆ ಹೊಸ ಹಾಳೆ ಬರದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲವೆಂದರು.

ಕ್ಯಾಂಟೀನಿನಲ್ಲಿ ಚನ್ನವೀರ ಕೇಳದೆಯೇ ಎರಡು ಟೀ ತಂದ.

"ಬಾಯಿಗೆ ಅದೇ ಬಂದ್ಬುಡ್ತು ಕಣೋ."

"ಹ್ಞೂಂ."

"ಇಲ್ದಿದ್ರೆ ಇಬ್ರದ್ದೂ ಹರೀತಿದ್ರು. ಒಂದಾದ್ರೂ ಉಳೀತಲ್ಲ."

"ಉಳೀತು."

"ನನ್ ಶೀಟ್ ತಗೊಂಡೋಗು. ಜಿಟಿ ಹೊಡ್ಕೊ. ಬೇಕಾದ್ರೆ ನಾನೇ ಬಲ್ಬ್ ಹಿಡೀತೀನಿ."

ಅದನ್ನು ಅವನು ನಿಜವಾದ ಕಾಳಜಿಯಿಂದಲೇ ಹೇಳಿದ. ಮನ್ಸೂರನಿಗೆ ಅವನ ಕೆನ್ನೆಗೆ ಬಾರಿಸಬೇಕೆನ್ನಿಸಿತು. ಬದಲಿಗೆ ಟೀ ಕುಡಿದ. ಸಕ್ಕರೆ ಹೆಚ್ಚಾಗಿತ್ತು.

ಸಂಜೆ ರೂಮಿನಲ್ಲಿ ಒಬ್ಬನೇ ಹೊಸ ಹಾಳೆ ಹರಡಿ ಕಣ್ಣು ಮುಚ್ಚಿದ. ಶಂಕು ಬರಲಿಲ್ಲ. ಒಂದು ವೃತ್ತ ಬಂತು, ಒಂದು ತ್ರಿಕೋನ ಬಂತು. ಎರಡಕ್ಕೂ ಪರಸ್ಪರ ಪರಿಚಯವೇ ಇದ್ದಂತಿರಲಿಲ್ಲ. ಚನ್ನವೀರನನ್ನಾದರೆ ಬೈದು ಮರೆಯಬಹುದಿತ್ತು. ತಲೆಯೊಳಗೆ ಎದ್ದು ನಿಂತಿದ್ದ ಆಕಾರವೂ ಹೀಗೆ ಕೈಕೊಟ್ಟರೆ? ಭಾನುವಾರ ನಿಜಕ್ಕೂ ತಾನೇ ಬರೆದಿದ್ದೆನೆ? ಮೇಷ್ಟ್ರು ಅಷ್ಟು ಖಚಿತವಾಗಿ ಹೇಳಿದರಲ್ಲ. ಅವನಿಗೆ ಅಳು ಬಂತು.

ಕೊನೆಗೆ ಎರಡು ಟ್ರಂಕುಗಳ ಮೇಲೆ ಅಡ್ಡವಾಗಿ ಗಾಜಿಟ್ಟು, ಕೆಳಗೆ ಬಲ್ಬು ಹೊತ್ತಿಸಿದ. ಚನ್ನವೀರನ ಹಾಳೆ, ಅದರ ಮೇಲೆ ತನ್ನದು. ತನ್ನವೇ ಗೆರೆಗಳು ಕೆಳಗಿನಿಂದ ಮೂಡಿದವು. ಮೂಲೆಯ ಚೌಕದಲ್ಲಿ ಚನ್ನವೀರನ ಹೆಸರು, 1979, ಮೇಷ್ಟ್ರ ಸಹಿ. ಅವನ್ನು ಬಿಟ್ಟು ಉಳಿದದ್ದನ್ನು ಎಳೆಯತೊಡಗಿದ. ಕೈ ಸಲೀಸಾಗಿ ಓಡಿತು. ಒಮ್ಮೆಯೂ ಅಳಿಸಬೇಕಾಗಲಿಲ್ಲ.

ಕಾಣದ ಅಂಚಿಗೆ ಬಂದ. ಒಂದು ತುಂಡು ಎಳೆದ, ಜಾಗ ಬಿಟ್ಟ, ಎರಡನೆಯದಕ್ಕೆ ಪೆನ್ಸಿಲ್ ಊರುವಾಗ ಕರೆಂಟು ಹೋಯಿತು.

ಕೆಳಗಿದ್ದದ್ದೆಲ್ಲ ಮಾಯವಾಯಿತು. ಕಿಟಕಿಯ ಮಬ್ಬಿನಲ್ಲಿ ಅರ್ಧ ಶಂಕು ಮಾತ್ರ ಉಳಿಯಿತು. ಮೆಟ್ಟಿಲ ಮೇಲೆ ಚನ್ನವೀರನ ಚಪ್ಪಲಿ ಸದ್ದು ಹತ್ತಿ ಬಂದು ಬಾಗಿಲಲ್ಲಿ ನಿಂತಿತು.

"ಮನ್ಸೂರ್, ಇದೀಯೇನೋ?"

ಎತ್ತಿದರೆ ಜಾಗ ತಪ್ಪೀತೆಂದು ಪೆನ್ಸಿಲಿನ ಮೊನೆಯನ್ನು ಅಲ್ಲೇ ಒತ್ತಿ ಹಿಡಿದು, ಮನ್ಸೂರ್ ಹಾಗೇ ಕೂತಿದ್ದ.